ಹೊಳೆ ದಾಟಿಸಿದ ಬೆಕ್ಕು

ಬೋನಿಗೆ ಬಿದ್ದ ಬೀದಿ ಬೆಕ್ಕು ಗಾಬರಿಯಾಗದಿರಲಿ ಎಂದು ಮೇಲೆ ಗೋಣಿಚೀಲ ಮುಚ್ಚಿದೆ. ಆ ಗೋಣಿಯ ವಾಸನೆಗೆ ರಾಮನಾಥಪುರದ ನಮ್ಮ ಹಳೆಯ ಅಡುಗೆಮನೆ ನೆನಪಾಯಿತು.

ಹಾಲು ಕದಿಯುವ ಬೆಕ್ಕನ್ನು ಹೊಳೆ ದಾಟಿಸಿದರೆ ವಾಪಸ್ ಬರುವುದಿಲ್ಲ ಎಂದು ನಂಬಿದ್ದ ಕಾಲ. ಅಪ್ಪ ಒಂದನ್ನು ಹೊಗೆಸೊಪ್ಪಿನ ಗೋಣಿಗೆ ತುಂಬಿ, ಕಾವೇರಿಯ ಆಚೆ ದಡದಲ್ಲಿ ಬಿಟ್ಟು ಬಂದ. ಸಂಜೆ ಅಟ್ಟದ ಮೇಲೆ ಕೀರಲು ಕೂಗು ಕೇಳಿಸಿತು. ಹತ್ತಿ ನೋಡಿದರೆ ಮೂರು ಮರಿ.

ಅಜ್ಜಿ ಅಪ್ಪನ ಮುಂದಿದ್ದ ತಟ್ಟೆ ಎಳೆದುಕೊಂಡಳು. "ಬಾಣಂತಿನ ಒಳೆ ದಾಟಿಸ್ಬುಟ್ಟು ಬಂದು ಮುದ್ದೆ ಮುರೀತಿದ್ದೀಯೇನ್ಲಾ? ಓಗು, ಕರ್ಕೊಂಡ್ ಬಾ."

"ಕತ್ಲಾಯ್ತದೆ ಕಣವ್ವ."

"ಮರಿಗಳು ಇನ್ನೂ ಕಣ್ಣೇ ಬಿಟ್ಟಿಲ್ಲ ಕಣ್ಲಾ!"

ಅಪ್ಪ ಎದ್ದು ಹೋದ. ಮಾರನೆಯ ಬೆಳಿಗ್ಗೆ ಕೈತುಂಬ ಪರಚಿಸಿಕೊಂಡು ಬೆಕ್ಕನ್ನು ಹೊತ್ತು ತಂದ. ಅಷ್ಟರಲ್ಲಿ ಒಂದು ಮರಿ ಸತ್ತಿತ್ತು.

ಈಗ ನಾನೇ ಅಜ್ಜಿ. "ಇಡಿದಾಯ್ತಲ್ಲಜ್ಜಿ, ಇನ್ಯಾಕೆ ತಡ?" ಎಂದು ಪಕ್ಕದ ಮನೆ ಸರೋಜ ಅವಸರ ಮಾಡಿದಳು. ಹಳ್ಳಿಮೈಸೂರಿನ ತೋಟದವರು ಬೋನಿನ ಬೆಕ್ಕನ್ನು ಸಾಕಿಕೊಳ್ಳಲು ಒಪ್ಪಿ ಕಾಯುತ್ತಿದ್ದರು. ಗೋಣಿ ಸರಿಸಿ ಬೆಕ್ಕಿನ ಹೊಟ್ಟೆ ನೋಡಿದೆ. ಮೊಲೆ ತುಂಬಿತ್ತು.

"ಕಾಯ್ಲಿ ಬಿಡು. ಓದ್ರೆ ಮರಿ ಜೊತೇಲೇ ಓಗ್ಲಿ" ಎಂದು ಬೋನಿನ ಬಾಗಿಲೆತ್ತಿ, ಬೆಕ್ಕು ಹೋದ ದಾರಿಯಲ್ಲೇ ಹೊರಟೆ.