ಹಗ್ಗ ಇನ್ನಾಸಪ್ಪನಿಗೆ, ಹಾಳೆ ನನಗೆ

ಪಕ್ಕದ ಮನೆಯವರು ಬೆಳಗ್ಗೆಯಿಂದ ಬಾಗಿಲಿಗೆ ವಾರ್ನಿಷ್ ಹೊಡೆಸುತ್ತಿದ್ದಾರೆ. ಇಡೀ ಜಯನಗರದಲ್ಲಿ ಆ ವಾಸನೆಗೆ ಸಿಟ್ಟು ಬರುವ ಮುದುಕ ನಾನೊಬ್ಬನೇ ಇರಬೇಕು. "ಅವರ ಬಾಗಿಲು, ಅವರ ಇಷ್ಟ. ನಿಮಗ್ಯಾಕ್ರೀ ಉರಿ?" ಎಂದಳು ಹೆಂಡತಿ. ಅವಳಿಗೆ ಈ ಕಥೆ ಹಳಸಿಹೋಗಿದೆ. ನೀವು ಕೂತು ಕೇಳಿ.

ಅರವತ್ತರ ದಶಕ. ಇಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಾನು ಓದುತ್ತಿದ್ದ ಪಾದ್ರಿಗಳ ಕಾಲೇಜಿನಲ್ಲಿ ಒಂದು ಚಿಕ್ಕ ಚಾಪೆಲ್ ಇತ್ತು. ಗಂಟೆ ಹೊಡೆಯುವುದು, ಹೂವಿಡುವುದು, ಹಾಡುವುದು, ದೇವರ ವಾಕ್ಯ ಓದುವುದು, ಎಲ್ಲ ವಿದ್ಯಾರ್ಥಿಗಳದೇ. ನಾಮ ಹಾಕುವ ಮನೆಯ ನಾನು ಆ ಗುಂಪಿಗೆ ಸೇರಿದ್ದು ಭಕ್ತಿಯಿಂದಲ್ಲ. ಪ್ರಾರ್ಥನೆಗೆ ಹೋದವರಿಗೆ ಮೊದಲ ಪೀರಿಯಡ್ಡು ಮಾಫಿ. ಹಾಡುವ ಹುಡುಗಿಯರೂ ಇದ್ದರು ಅನ್ನಿ. ಮನೆಗೆ ಬಂದರೆ ಅಮ್ಮ ನೇರ ಬಚ್ಚಲಿಗೆ ಅಟ್ಟುತ್ತಿದ್ದಳು.

ಭಕ್ತಿ ಇದ್ದದ್ದು ಇನ್ನಾಸಪ್ಪನಿಗೆ. ಬೇಗೂರಿನವನು, ಹೂವು ಬೆಳೆಯುವವರ ಮಗ, ಹುಟ್ಟು ಕ್ರೈಸ್ತ. ಹೊರಗಿನ ಅತಿಥಿಗಳು ಬರುವ ವರ್ಷಾಂತ್ಯದ ಪ್ರಾರ್ಥನೆಗೆ ಓದುವ ಸರದಿ ಅವನಿಗೆ ಬಂತು. ಇಂಗ್ಲಿಷ್ ವಾಕ್ಯಗಳನ್ನು ಒಂದು ಹಾಳೆಯಲ್ಲಿ ದುಂಡಗೆ ಬರೆದುಕೊಂಡ. "ನಾನು ಓದೋದು ಕೇಳಕ್ಕೆ ಅಮ್ಮ ಬರ್ತಾಳೆ ಕಣೋ. ಕಾಲೇಜಿನ ಗೇಟೇ ನೋಡಿಲ್ಲ ಅವಳು" ಎಂದ. ಆ ವಾರ ಚಾಪೆಲ್ಲಿನ ಬೆಂಚುಗಳಿಗೆಲ್ಲ ವಾರ್ನಿಷ್ ಹೊಡೆದವರು ನಾವು. ನಾವು ಅಂದರೆ ಅವನು. ನಾನು ಡಬ್ಬ ಹಿಡಿದುಕೊಂಡಿದ್ದೆ.

ಪ್ರಾರ್ಥನೆಯ ದಿನ ಬೆಳಗ್ಗೆ, ಚಾಪೆಲ್ಲಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಇಂಗ್ಲಿಷ್ ಮೇಷ್ಟ್ರು ನನ್ನನ್ನು ಕರೆದರು. "ನೋಡಪ್ಪ, ಇವತ್ತು ನೀನೇ ಓದ್ಬಿಡು. ಅವನ ಪ್ರೊನನ್ಸಿಯೇಷನ್ ಗೆಸ್ಟುಗಳ ಮುಂದೆ ಸರಿಹೋಗಲ್ಲ. ಅವನು ಗಂಟೆ ಹೊಡೀಲಿ."

ನಂಬಿದವನ ಕೈಗೆ ಗಂಟೆಯ ಹಗ್ಗ, ಪೀರಿಯಡ್ಡು ತಪ್ಪಿಸಿಕೊಳ್ಳಲು ಬಂದವನ ಕೈಗೆ ದೇವರ ವಾಕ್ಯ. ಪ್ರೊನನ್ಸಿಯೇಷನ್ ಕಟ್ಟಿಕೊಂಡು ಆ ದೇವರಿಗೇನಾಗಬೇಕಿತ್ತು? ಥೂ. ನೆನೆದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. "ಅವರಮ್ಮ ಬರ್ತಿದಾರೆ ಸಾರ್" ಅಂತ ನಾನು ಒಂದು ಮಾತು ಹೇಳಬಹುದಿತ್ತು. "ಆಗ್ಲಿ ಸಾರ್" ಎಂದೆ. ಒಳಗೊಳಗೇ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಇನ್ನಾಸಪ್ಪ ತನ್ನ ಹಾಳೆಯನ್ನು ನನಗೆ ಕೊಟ್ಟು ಗಂಟೆ ಹೊಡೆಯಲು ಹೋದ. ನಾನು ಓದಿದೆ. ಓದುತ್ತ ಎರಡು ಮೂರು ಸಲ ತಲೆಯೆತ್ತಿ ಹುಡುಗಿಯರ ಕಡೆ ನೋಡಿದೆ. ಕೊನೆಗೆ ಅತಿಥಿಗಳು ಬೆನ್ನು ತಟ್ಟಿದರು.

ಹೊರಗೆ ಅವನ ತಾಯಿ ತಲೆಯ ಮೇಲೆ ಸೆರಗು ಹೊದ್ದು, ಮಗನ ಪಕ್ಕ ನಿಂತಿದ್ದರು. "ಚೆನ್ನಾಗಿ ಓದಿದ್ರಿ ಸ್ವಾಮಿ" ಎಂದರು. "ನಂಗೆ ಇಂಗ್ಲಿಷ್ ಬರಾಕಿಲ್ಲ. ಹದಿನೈದು ದಿನದಿಂದ ನಾನು ಹೂವು ಕಟ್ಟೋವಾಗೆಲ್ಲ ಇವನು ಎದುರಿಗೆ ಕೂತು ಇದನ್ನೇ ಓದ್ತಿದ್ದ. ಕೇಳಿ ಕೇಳಿ ಬಾಯಿಗೆ ಬಂದುಬಿಟ್ಟೈತೆ. ಮಧ್ಯದಾಗೆ ಒಂದು ಸಾಲು ಬಿಟ್ಬಿಟ್ರಲ್ಲ, ಯಾಕೆ ಸ್ವಾಮಿ?"

ಮಾತಿನಲ್ಲಿ ಕೊಂಕಿರಲಿಲ್ಲ, ನಿಜಕ್ಕೂ ಕೇಳುತ್ತಿದ್ದರು. ಬಿಟ್ಟಿದ್ದೆ. ತಲೆಯೆತ್ತಿ ಮತ್ತೆ ಹಾಳೆ ನೋಡುವಾಗ ಸಾಲು ತಪ್ಪಿತ್ತು. ಮೇಷ್ಟರಿಗೂ ಗೊತ್ತಾಗಿರಲಿಲ್ಲ, ಅತಿಥಿಗಳಿಗೂ ಗೊತ್ತಾಗಿರಲಿಲ್ಲ.

"ಇಲ್ಲಮ್ಮ, ಎಲ್ಲಾ ಓದಿದೀನಿ. ಇಂಗ್ಲಿಷು ನಿಮಗೆ ಗೊತ್ತಾಗಲ್ಲ" ಎಂದೆ.

ಅವರು ಮಗನ ಕಡೆ ತಿರುಗಿದರು. "ನಾನೇ ಸರಿಯಾಗಿ ಕೇಳಿಸ್ಕೊಂಡಿಲ್ಲ ಕಣಪ್ಪ."

ಇನ್ನಾಸಪ್ಪ ನನ್ನನ್ನೇ ನೋಡಿದ. "ಬಸ್ಸಿಗೆ ಹೊತ್ತಾಯ್ತು, ನಡಿಯಮ್ಮ" ಎಂದು ಕರೆದುಕೊಂಡು ಹೋದ. ಆಮೇಲೆ ಅವನು ಚಾಪೆಲ್ಲಿನ ಕಡೆ ತಲೆ ಹಾಕಲಿಲ್ಲ.

ಇದನ್ನು ಎಷ್ಟೋ ಜನಕ್ಕೆ ಹೇಳಿದ್ದೇನೆ, ಪ್ರತಿ ಸಲವೂ ಮೇಷ್ಟರನ್ನು ಬೈಯುವುದಕ್ಕೆ. ಮೇಷ್ಟ್ರು ಹಗ್ಗ ಹಿಡಿಸಿದಲ್ಲಿಗೇ ಕಥೆ ಮುಗಿಸಿಬಿಡುತ್ತಿದ್ದೆ. ಆ ತಾಯಿಯ ಮಾತನ್ನು ಹೆಂಡತಿಗೂ ಹೇಳಿಲ್ಲ. ಮೇಷ್ಟ್ರು ಹುಡುಗನ ಸರದಿ ಕಿತ್ತುಕೊಂಡರು. ಸರಿಯಾಗಿ ಕೇಳಿಸಿಕೊಂಡಿದ್ದ ತಾಯಿಯನ್ನು ಮಗನ ಎದುರಿಗೇ ದಡ್ಡಿ ಮಾಡಿದವನು ನಾನು.

ಹೌದು ತಾಯಿ, ಒಂದು ಸಾಲು ಬಿಟ್ಟಿದ್ದೆ.