ಮನೆಮಂದಿಯೆಲ್ಲ ಕೂತು ನೋಡಿದ ಸಿನಿಮಾ

ಅಕ್ಕ ನನ್ನನ್ನು 'ನೀವು' ಎಂದಳು.

ಐವತ್ತೆರಡು ವರ್ಷಗಳಲ್ಲಿ ಇದೇ ಮೊದಲು. ಕಳೆದ ಭಾನುವಾರ ಸಂಜೆ ಕಾರ್ಕಳದಿಂದ ಫೋನು. "ವಿಮರ್ಶಕರು ಮನೆಯಲ್ಲಿ ಇದ್ದೀರಾ? ಎರಡು ನಿಮಿಷ ಮಾತಾಡಬಹುದಾ?" ನಾನು ಕೂತಲ್ಲಿಂದ ಎದ್ದು ನಿಂತೆ. ಅಕ್ಕ ಬೈದರೆ ನನಗೆ ಹೆದರಿಕೆಯಿಲ್ಲ. ಮರ್ಯಾದೆ ಕೊಟ್ಟರೆ ಇದೆ.

ಆಮೇಲೆ ಹತ್ತು ನಿಮಿಷ ಸರಿಯಾಗಿಯೇ ಬೈದಳು. (ಬೈದದ್ದು ತುಳುವಿನಲ್ಲಿ. ಕನ್ನಡಕ್ಕೆ ತಂದರೆ ಖಾರ ಅರ್ಧ ಇಳಿಯುತ್ತದೆ, ಹಾಗಾಗಿ ಸಾರಾಂಶ ಮಾತ್ರ ಕೊಡುತ್ತೇನೆ.) ಸಾರಾಂಶ ಇಷ್ಟೇ: ಅವಳ ಮಗಳು ಅಕ್ಷತಾಳ ಮದುವೆ ಸಂಬಂಧ ತಪ್ಪಿಹೋದರೆ ಅದಕ್ಕೆ ಕಾರಣ ನಾನು. ಶನಿವಾರದ ಪೇಪರಿನಲ್ಲಿ ನಾನು ಬರೆದ ಒಂದು ಸಾಲು.

ನಿಮಗೆ ಗೊತ್ತಲ್ಲ, ಈ ಅಂಕಣದ ಜೊತೆಗೆ ನಾನು ಸಿನಿಮಾ ವಿಮರ್ಶೆಯನ್ನೂ ಬರೆಯುತ್ತೇನೆ. ಶುಕ್ರವಾರ ಬೆಳಗ್ಗೆ ಮಣಿಪಾಲದಲ್ಲಿ ಮೊದಲ ಶೋ. ಎರಡು ಗಂಟೆಗೆ ಪುಟ ಮುಗಿಯಬೇಕು. ಪೂರ್ತಿ ಸಿನಿಮಾ ನೋಡಿದರೆ ಬರೆಯುವುದು ಯಾವಾಗ? ಹಾಗಾಗಿ (ಸಂಪಾದಕರು ಈ ಪ್ಯಾರಾ ಓದದಿರಲಿ) ನಾನು ಎಷ್ಟೋ ಸಲ ಇಂಟರ್ವಲ್‌ಗೆ ಎದ್ದು ಬರುತ್ತೇನೆ. 'ದ್ವಿತೀಯಾರ್ಧದಲ್ಲಿ ವೇಗ ಕೊಂಚ ಕಡಿಮೆ' ಎಂದು ಬರೆದರಾಯಿತು. ಅದು ಯಾವ ಸಿನಿಮಾಕ್ಕೆ ಹೊಂದುವುದಿಲ್ಲ ಹೇಳಿ?

ಈ ವಾರದ್ದು ಒಂದು ಸ್ಪೂಫ್ ಕಾಮಿಡಿ. ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ಹೋಗಿ ನೋಡುತ್ತೀರಿ. ಕೋಟಿಗಟ್ಟಲೆ ಸುರಿದು ಮಾಡಿದ ಆ್ಯಕ್ಷನ್ ಸಿನಿಮಾಗಳನ್ನೆಲ್ಲ ಗೇಲಿ ಮಾಡುವ ಕಥೆ. ಮೊದಲಾರ್ಧದಲ್ಲಿ ಒಂದು ಕೆಟ್ಟ ಮಾತಿಲ್ಲ. ಹೊಗೆಯ ನಡುವಿನಿಂದ ಬರುವ ಹೀರೋಗೆ ಕೆಮ್ಮು ಹಿಡಿಯುತ್ತದೆ. ಆಮೇಲೆ ಅವನು ಹೆಣ್ಣು ನೋಡಲು ಹೋಗುತ್ತಾನೆ. ದಪ್ಪ ಹುಡುಗಿ ಬಂದು ಕೂತ ಕೂಡಲೇ ಸೋಫಾ ಮುರಿಯುತ್ತದೆ, ಆಮೇಲೆ ಮಂಚ, ಆಮೇಲೆ ಜೀಪಿನ ಟಯರು. ಥಿಯೇಟರಿಗೆ ಥಿಯೇಟರೇ ನಕ್ಕಿತು. ನಾನೂ ಹೊಟ್ಟೆ ಹಿಡಿದು ನಕ್ಕೆ. ಬಂದು ಬರೆದೆ: 'ಮೊದಲಾರ್ಧದಲ್ಲಿ ಲವಲವಿಕೆಯ ಹಾಸ್ಯ. ಮನೆಮಂದಿಯೆಲ್ಲ ಕೂತು ನೋಡಬಹುದು.'

ಅಕ್ಕ ಆ ಸಾಲಿನ ಫೋಟೊ ತೆಗೆದು ಕಾಪುವಿಗೆ ಕಳಿಸಿದ್ದಳು.

ಕಾಪುವಿನಲ್ಲಿ ಇದ್ದದ್ದು ಗಂಡಿನ ಕಡೆಯವರು. ಜಾತಕ ಕೂಡಿತ್ತು, ಫೋಟೊ ನೋಡಿ ಆಗಿತ್ತು. ಎರಡೂ ಮನೆಯವರು ಒಮ್ಮೆ ಒಟ್ಟಿಗೆ ಕೂತು ಮಾತಾಡುವುದು ಬಾಕಿ. ಈಗ ಇದಕ್ಕೆ ಮನೆಗೆ ಕರೆದು ಶೀರಾ ಉಪ್ಪಿಟ್ಟು ಕೊಡುವವರು ಕಡಿಮೆಯಾಗಿದ್ದಾರೆ. ಮಣಿಪಾಲಕ್ಕೆ ಬನ್ನಿ, ಒಂದು ಸಿನಿಮಾ ನೋಡಿ ಊಟ ಮಾಡುವ ಎನ್ನುತ್ತಾರೆ. ಹುಡುಗನ ತಂದೆ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಎರಡೆರಡು ಸಲ ವಿಚಾರಿಸುವ ಜನ. "ಫ್ಯಾಮಿಲಿ ನೋಡಬಹುದಾ?" ಎಂದು ಕೇಳಿದರಂತೆ. "ನನ್ನ ತಮ್ಮನೇ ಬರೆದದ್ದು, ಎಂತ ಸಂಶಯ ಬೇಡ" ಎಂದಳಂತೆ ಅಕ್ಕ. ಭಾನುವಾರ ಬೆಳಗಿನ ಶೋಗೆ ಎಂಟು ಟಿಕೆಟ್, ಒಂದೇ ಸಾಲು.

ಇಂಟರ್ವಲ್ ಮುಗಿಯಿತು. ವಿಲನ್ ಬಂದ.

ವಿಲನ್‌ಗೆ ಮೂಲವ್ಯಾಧಿ. ಅವನ ಸ್ಲೋ ಮೋಷನ್ ನಡಿಗೆಗೆ ಅದೇ ಕಾರಣ. ಕೂರಲಿಕ್ಕೆ ಆಗದೆ ನಿಂತೇ ಪ್ರತಿಜ್ಞೆ ಮಾಡುತ್ತಾನೆ. ಆಮೇಲೆ ಆಸ್ಪತ್ರೆ, ಆಪರೇಷನ್, ಹಿನ್ನೆಲೆ ಸಂಗೀತದ ಜಾಗದಲ್ಲಿ ಬೇರೆಯೇ ಸದ್ದು. ಮೊದಲು ಎದ್ದದ್ದು ಭಾವ. "ಒಂದು ಅರ್ಜೆಂಟ್ ಕಾಲ್" ಎಂದು ಹೊರಗೆ ಹೋದರು. ಐದು ನಿಮಿಷದಲ್ಲಿ ಹುಡುಗನ ತಂದೆಗೂ ಅರ್ಜೆಂಟ್ ಕಾಲ್. ಪಾಪ್‌ಕಾರ್ನ್ ಕೌಂಟರಿನ ಹತ್ತಿರ ಬೀಗರಿಬ್ಬರೂ ಎದುರುಬದುರಾದರು. ಇಬ್ಬರ ಕಿವಿಯಲ್ಲೂ ಫೋನು. ಇಬ್ಬರ ಫೋನೂ ಸ್ವಿಚ್ ಆಫ್.

"ನಾಳೆ ಕಾಪುವಿನವರು ಬೇಡ ಅಂದರೆ ನೀನೇ ಬಂದು ಅಕ್ಷತಾಳ ಮುಖ ನೋಡಿ ಮಾತಾಡು" ಎಂದು ಅಕ್ಕ ಫೋನಿಟ್ಟಳು. ('ನೀನು' ವಾಪಸ್ ಬಂತು. ಅಷ್ಟರಮಟ್ಟಿಗೆ ಉಸಿರಾಡಿದೆ.)

ಸೋಮವಾರ ಸಂಜೆ ಒಂದು ಕಿಲೊ ಮಟ್ಟುಗುಳ್ಳ ಬದನೆ ಹಿಡಿದುಕೊಂಡು ಕಾರ್ಕಳದ ಬಸ್ಸು ಹತ್ತಿದೆ. ನಿಜ ಹೇಳುತ್ತೇನೆ, ಕಾಪುವಿನವರು ಏನೆಂದರು ಎಂದು ಫೋನು ಮಾಡಿ ಕೇಳುವ ಧೈರ್ಯ ಆಗಿರಲಿಲ್ಲ. ಅಕ್ಷತಾ ನನ್ನ ಕೈಯಲ್ಲಿ ಆಡಿ ಬೆಳೆದವಳು. ಉಳಿದ ವಿಮರ್ಶಕರು ಏನು ಬರೆದಿದ್ದಾರೆ ಎಂದು ಮೊಬೈಲಿನಲ್ಲಿ ನೋಡಿದೆ. ಒಂದೂವರೆ ಸ್ಟಾರ್, ಒಂದು ಸ್ಟಾರ್, 'ಕೀಳು ಅಭಿರುಚಿ', 'ಮಕ್ಕಳನ್ನು ದೂರವಿಡಿ'. ಎಲ್ಲರ ಸಿಟ್ಟೂ ಆ ಮೂಲವ್ಯಾಧಿಯ ಮೇಲೆ. ಮೊದಲಾರ್ಧದ ಬಗ್ಗೆ ಯಾರದೂ ತಕರಾರಿಲ್ಲ. ನಾನು ನೋಡಿದ ಭಾಗವನ್ನಾದರೂ ಸರಿಯಾಗಿ ಬರೆದಿದ್ದೇನೆ ಎಂದು ಸಮಾಧಾನವಾಯಿತು.

ಅಕ್ಕನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಅಕ್ಕ ನಗುತ್ತ ಬಂದಳು. ಕಾಪುವಿನಿಂದ ಬೆಳಗ್ಗೆಯೇ ಫೋನು ಬಂದಿತ್ತು. ಅವರಿಗೆ ಒಪ್ಪಿಗೆ. ಅಕ್ಷತಾಳೂ ಹೂಂ ಅಂದಿದ್ದಾಳೆ.

"ಮತ್ತೆ ಸಿನಿಮಾ?" ಎಂದೆ.

"ಅಯ್ಯೋ ಮಾರಾಯ, ಆ ವಿಲನ್‌ನನ್ನು ನೋಡಿ ಹುಡುಗನ ಅಮ್ಮ ಕಣ್ಣೀರು ಬರುವಷ್ಟು ನಕ್ಕಿದ್ದಾರಂತೆ. ಗಂಡ ಪಕ್ಕದಲ್ಲಿದ್ದಾಗ ಬಾಯಿಗೆ ಸೆರಗು ಹಿಡಿದುಕೊಂಡಿದ್ದರಂತೆ. ಅವರು ಹೊರಗೆ ಹೋದದ್ದೇ ಒಳ್ಳೆಯದಾಯಿತು ಅಂದರು." ಅಕ್ಕ ದನಿ ತಗ್ಗಿಸಿದಳು. "ಸುಳ್ಳು ಯಾಕೆ, ನಾನೂ ನಕ್ಕೆ. ನಮ್ಮ ಅತ್ತೆಯೂ ನಕ್ಕರು."

ಇಷ್ಟು ಸಾಕಲ್ಲ ನನಗೆ? ಕಾಫಿ ಲೋಟ ಹಿಡಿದು ಭಾಷಣಕ್ಕೆ ನಿಂತೆ. ಮನೆಯಲ್ಲಿ ಮೂಲವ್ಯಾಧಿ ಇರಬಹುದು, ಸಿನಿಮಾದಲ್ಲಿ ಇರಬಾರದೆ? ನಮ್ಮ ಅಜ್ಜ ಜಗಲಿಯಲ್ಲಿ ಕೂತು ಸದ್ದು ಮಾಡಿದಾಗ ಇಡೀ ಮನೆ ನಗುತ್ತಿರಲಿಲ್ಲವೆ? ಊರಿನ ನಾಟಕದಲ್ಲಿ ಇದಕ್ಕಿಂತ ಒರಟು ಜೋಕುಗಳಿಗೆ ನಾವು ಸಕುಟುಂಬ ಚಪ್ಪಾಳೆ ತಟ್ಟಿಲ್ಲವೆ? ಹೆಂಗಸರು ಮಕ್ಕಳು ನೋಡಬಾರದು ಎಂದು ನಿರ್ಧರಿಸುವುದು ಹೊರಗೆ ಪಾಪ್‌ಕಾರ್ನ್ ಹಿಡಿದು ನಿಂತ ಗಂಡಸರು. ನನ್ನ ಸಾಲು ನೂರಕ್ಕೆ ನೂರು ಸರಿ. ಈ ಮಾತಿನಿಂದ ನಾನು ಈಗಲೂ ಹಿಂದೆ ಸರಿಯುವುದಿಲ್ಲ. ಅರ್ಧದ ಮಟ್ಟಿಗೆ.

ಅಕ್ಷತಾ ಒಳಗಿನಿಂದ ಬಂದು ಎದುರಿನ ಸೋಫಾದಲ್ಲಿ ಕೂತಳು. ಕಾಲೇಜಿನಲ್ಲಿ ಪಾಠ ಮಾಡುವ ಹುಡುಗಿ, ಮಾತು ಸ್ಪಷ್ಟ.

"ಎರಡನೇ ಅರ್ಧ ಪರವಾಗಿಲ್ಲ ಮಾಮ. ನಾನೂ ನಕ್ಕೆ. ಮೊದಲನೇ ಅರ್ಧದಲ್ಲಿ ಆ ಸೋಫಾ ಸೀನ್ ಉಂಟಲ್ಲ, ಅದು ಬರುವಾಗ ಥಿಯೇಟರ್ ಪೂರ ನಗ್ತಾ ಇತ್ತು. ನಮ್ಮ ಸಾಲಿನಲ್ಲಿ ಯಾರೂ ನಗಲಿಲ್ಲ. ಎಲ್ಲರೂ ಮುಂದೆ ನೋಡಿಕೊಂಡು ಕೂತಿದ್ರು."

ಅಕ್ಷತಾಳಿಗೆ ಇದಕ್ಕೆ ಮೊದಲು ಮೂರು ಸಂಬಂಧ ಬಂದಿದ್ದವು. ಮೂರೂ 'ಹುಡುಗಿ ಸ್ವಲ್ಪ ಹೆಲ್ದಿ ಅಲ್ವಾ' ಎಂಬಲ್ಲಿಗೆ ನಿಂತುಹೋಗಿದ್ದವು. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಪ್ರತಿ ಸಲವೂ ಅಕ್ಕ ಅತ್ತದ್ದು ನನ್ನ ಹತ್ತಿರವೇ. ಆದರೂ ಶುಕ್ರವಾರ ಬೆಳಗ್ಗೆ ಆ ಕತ್ತಲೆಯಲ್ಲಿ ಅವಳ ನೆನಪು ನನಗೆ ಬರಲಿಲ್ಲ.

"ಮಂಚ ಮುರಿಯುವಾಗ ಅವರು ನನ್ನ ಕಡೆ ಬಗ್ಗಿ, 'ನಾವು ಹೊರಗೆ ಹೋಗುವಾ?' ಅಂತ ಕೇಳಿದ್ರು" ಎಂದಳು ಅಕ್ಷತಾ. 'ಅವರು' ಎಂದರೆ ಕಾಪುವಿನ ಹುಡುಗ. "ಬೇಡ, ಈಗ ಮುಗೀತದೆ ಅಂದೆ. ಬೇಗ ಮುಗೀಲಿಲ್ಲ, ಟಯರು ಬಾಕಿ ಇತ್ತು. ಮುಗಿಯುವವರೆಗೆ ಅವರು ತಲೆ ತಗ್ಗಿಸಿಯೇ ಕೂತಿದ್ರು. ಅದಕ್ಕೇ ನಾನು ಹೂಂ ಅಂದದ್ದು."

ಅಕ್ಕ ಗುಳ್ಳದ ಚೀಲ ಎತ್ತಿಕೊಂಡು ಒಳಗೆ ಹೋದಳು.

ಅಕ್ಷತಾ ನನ್ನ ಖಾಲಿ ಲೋಟ ತೆಗೆದುಕೊಳ್ಳುತ್ತ, ಸಿಟ್ಟಿಲ್ಲದೆ, ಸುಮ್ಮನೆ ತಿಳಿದುಕೊಳ್ಳಲಿಕ್ಕೆ ಎಂಬಂತೆ ಕೇಳಿದಳು:

"ಆ ಸೀನಿಗೆ ನೀವು ನಕ್ಕಿರಾ, ಮಾಮ?"