ಸಿಹಿಮೂತ್ರಕ್ಕೆ ಮಠದ ನಡಿಗೆ

ಬಚ್ಚಲಿಗೆ ಇರುವೆ ಮುತ್ತಿದ್ದನ್ನು ಮೊದಲು ಕಂಡವರು ನಮ್ಮ ಅತ್ತೆ. ಅದಕ್ಕೂ ಮೊದಲೇ ನನಗೆ ನೀರಡಿಕೆ ಶುರುವಾಗಿತ್ತು. ತಂಬಿಗೆಗಟ್ಟಲೆ ಕುಡಿದರೂ ಗಂಟಲು ಒಣಗುತ್ತಿತ್ತು. ಬಿಸಿಲೆಂದು ಸುಮ್ಮನಿದ್ದೆ. ಕೈಬಳೆಗಳು ತಾವಾಗಿಯೇ ಜಾರತೊಡಗಿದಾಗ ನಮ್ಮ ಮನೆಯವರು ನಮ್ಮೂರು ಹಿರೋಳ್ಳಿಯಿಂದ ಆಳಂದಕ್ಕೆ ಬಂಡಿಯಲ್ಲಿ, ಅಲ್ಲಿಂದ ಮೋಟಾರಿನಲ್ಲಿ ಕಲಬುರ್ಗಿಯ ದವಾಖಾನೆಗೆ ಕರೆದೊಯ್ದರು.

ಡಾಕ್ಟರು ನನ್ನ ಮೂತ್ರಕ್ಕೆ ನೀಲಿ ಔಷಧ ಬೆರೆಸಿ ಗಾಜಿನ ನಳಿಗೆಯಲ್ಲಿ ಕುದಿಸಿದರು.

ನೀಲಿ ಹೋಗಿ ಇಟ್ಟಿಗೆಯ ಕೆಂಪು ಬಂತು.

"ಡಯಾಬಿಟೀಸ್ ಅದ ತಾಯಿ. ಸಿಹಿ ಬಿಡ್ರಿ, ದಿನಾ ನಡೀರಿ. ನಡದ್ರ ಮೈಯಾಗಿನ ಸಕ್ಕರಿ ಖರ್ಚಾಗ್ತದ. ಇಳೀಲಿಲ್ಲಾಂದ್ರ ದಿನಾ ಇನ್ಸುಲಿನ್ ಸೂಜಿ. ಊರಾಗ ಹಾಕವರಿಲ್ಲ, ಇಲ್ಲೇ ಬಂದು ಇರಬೇಕಾಗ್ತದ."

ಇಬ್ಬರು ಹೆಣ್ಣುಮಕ್ಕಳನ್ನು, ವಯಸ್ಸಾದ ಅತ್ತೆಯನ್ನು ಬಿಟ್ಟು ಇಲ್ಲಿರುವುದೇ? ನಡೆಯುವುದೇ ಮೇಲು ಎನಿಸಿತು. ಆದರೆ ನಮ್ಮದು ಪಾಟೀಲರ ಮನೆ. ನಮ್ಮ ಹೆಂಗಸರು ತವರಿಗೆ ಹೋದರೂ ಪರದೆ ಕಟ್ಟಿದ ಬಂಡಿಯಲ್ಲೇ ಹೋಗುವವರು.

"ಸುಮ್ಮ ಓಣ್ಯಾಗ ತಿರುಗಿದ್ರ ಮಂದಿ ಏನಂತಾರ ಬೇ? ಪಾಟೀಲ್ರ ಎತ್ತು ಸತ್ತಾವ ಅಂತಾರ," ಎಂದರು ಅತ್ತೆ. ಮತ್ತೆ ಅವರೇ, "ಹರಕಿ ಅದ ಅನ್ನು. ಮಠಕ್ಕ ನಡದು ಹೋಗಾಕಿಗೆ ಯಾರೂ ಏನೂ ಅನ್ನಂಗಿಲ್ಲ," ಎಂದರು.

ದೇವರ ಹೆಸರಿನಲ್ಲಿ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ನಿಜವಾಗಿಯೇ ಹರಕೆ ಹೊತ್ತೆ.

ಮಠ ಊರಾಚೆ, ತೊಗರಿ ಹೊಲಗಳ ನಡುವೆ. ಮೊದಮೊದಲು ಬದುವು ಕಂಡಲ್ಲೆಲ್ಲ ಕೂರುತ್ತಿದ್ದೆ. ಬರಬರುತ್ತ ಉಸಿರು ಹಿಡಿತಕ್ಕೆ ಬಂತು, ನಿದ್ದೆ ಬಂತು. ಪರದೆಯ ಸಂದಿಯಿಂದಷ್ಟೇ ಕಂಡಿದ್ದ ಹೊಲವನ್ನು ಈ ವಯಸ್ಸಿನಲ್ಲಿ ಪೂರ್ತಿ ಕಂಡೆ. ಹೊಸ್ತಿಲು ದಾಟಿಸಲು ನನಗೊಂದು ರೋಗವೇ ಬರಬೇಕಾಯಿತಲ್ಲ ಎಂದು ಒಬ್ಬಳೇ ನಗುತ್ತಿದ್ದೆ.

ಮತ್ತೆ ದವಾಖಾನೆಗೆ ಹೋದೆವು.

ಅದೇ ಕೆಂಪು.

"ಏನೇನ್ ತಿಂತೀರಿ?" ಡಾಕ್ಟರು ಕೇಳಿದರು.

"ಜ್ವಾಳದ ರೊಟ್ಟಿ, ಪುಂಡಿಪಲ್ಯ. ಸಿಹಿ ಮುಟ್ಟಿಲ್ರಿ."

"ಮತ್ತೇನೂ ಇಲ್ಲ?"

"ಇಲ್ರಿ. ಮಠದಾಗ ದಿನಾ ಅಂಗೈ ತುಂಬ ಸಜ್ಜಕ ಕೊಡ್ತಾರ. ಅದು ಪ್ರಸಾದ."

"ಆ ಸಜ್ಜಕಕ್ಕ ಬೆಲ್ಲ ಹಾಕಂಗಿಲ್ಲೇನ್ರಿ ತಾಯಿ?"

ಪ್ರಸಾದವನ್ನು ನಾನು ತಿನಿಸೆಂದು ಎಣಿಸಿಯೇ ಇರಲಿಲ್ಲ. ಒಲ್ಲೆನೆನ್ನುವಂತಿಲ್ಲ, ಚೆಲ್ಲುವಂತಿಲ್ಲ. ಮನೆಗೆ ಬಂದು ಅತ್ತೆಯ ಮುಂದೆ ಕಣ್ಣೀರು ಹಾಕಿದೆ.

"ಅಳಬ್ಯಾಡ. ನಾಳಿಂದ ನಾನೂ ಬರ್ತೇನಿ," ಎಂದರು. "ನೀ ಕಣ್ಣಿಗೊತ್ತಿ ಚೂರು ಬಾಯಿಗೆ ಹಾಕೊ. ಉಳದದ್ದು ನನಗ ಕೊಡು. ನಡಿಯೂದು ನೀ, ತಿನ್ನೂದು ನಾ."

"ಪುಣ್ಯ ಯಾರಿಗ್ರಿ?"

"ಅರ್ಧಾ ಅರ್ಧಾ. ಬಾಯಿ ಸಾಕು, ಕಾಲು ಹಾಕು."

ಅಂದಿನಿಂದ ಗೊಣಗುತ್ತಲೇ ನನ್ನ ಜೊತೆ ನಡೆದರು.

ಮೊನ್ನೆ ನಳಿಗೆ ಕೆಂಪಿಗೆ ಹೋಗದೆ ಹಸಿರಿಗೇ ನಿಂತಿತು. "ಸದ್ಯ ಸೂಜಿ ಬ್ಯಾಡ್ರಿ," ಎಂದರು ಡಾಕ್ಟರು. ರೋಗ ಹೋಗಿಲ್ಲ, ಪೂರ್ತಿ ಹೋಗುವುದೂ ಇಲ್ಲವಂತೆ. ಹಿಂದಿರುಗುವ ಮೋಟಾರಿನಲ್ಲಿ ಕೂತಾಗ ಮನೆಯಲ್ಲಿ ಹಿಟ್ಟು ಮುಗಿದದ್ದು ನೆನಪಾಯಿತು. ಹೋದೊಡನೆ ಬೀಸಬೇಕು. ಬೀಸುವವಳು ನಾನೇ, ದವಾಖಾನೆಯಲ್ಲಿ ಉಳಿಯದೆ ನನ್ನ ಮನೆಯಲ್ಲೇ.

ಶಿವನೇ, ಇಷ್ಟು ಸಾಕು.